ರಾತ್ರಿ ಸಾಲಾಗಿ ಗಾಳ ಕಟ್ಟಿ ಮನೆಗೆ ಹೋಗಬಹುದಾ?

ಪ್ರಶ್ನೆ: ನಮ್ಮದು ಕುಣಿಗಲ್ ತಾಲ್ಲೂಕು. ಊರ ಕೆರೆ ಈ ಸಲ ಚೆನ್ನಾಗಿ ತುಂಬಿದೆ. ಒಂದೇ ಹಗ್ಗಕ್ಕೆ 30 ಗಾಳ ಕಟ್ಟಿ, ಸಂಜೆ ಬಿಟ್ಟು ಬೆಳಿಗ್ಗೆ ಎತ್ತೋಣ ಅಂತಿದ್ದೇನೆ. ಕೊರವ ಮೀನು ಸಿಗುತ್ತದಾ? ತೊಂದರೆ ಏನಾದರೂ ಇದೆಯಾ?

ಉತ್ತರ: ಸಿಗುತ್ತದೆ. ಎರೆಹುಳ, ಕೋಳಿ ಕರುಳು ಸಿಕ್ಕಿಸಿದರೆ ಚೇಳುಮೀನೂ ಬೀಳುತ್ತದೆ. ಆದರೆ ಬಿಟ್ಟು ಮನೆಗೆ ಹೋಗಬೇಡಿ ಅಂತಲೇ ನಾನು ಹೇಳುವುದು.

ಮೊದಲು ಕೆರೆಯ ಮೀನು ಯಾರ ಗುತ್ತಿಗೆಯಲ್ಲಿದೆ ಅಂತ ಪಂಚಾಯಿತಿಯಲ್ಲೋ ಮೀನುಗಾರಿಕೆ ಇಲಾಖೆಯಲ್ಲೋ ಕೇಳಿ, ಅವರು ಒಪ್ಪಿದರೆ ಮಾತ್ರ ಗಾಳ ಹಾಕಿ. ಕಾಟ್ಲ, ರೋಹು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಕೆರೆಯಲ್ಲಿರುವ ಆ ಮೀನೆಲ್ಲ ಯಾರೋ ದುಡ್ಡು ಕೊಟ್ಟು ತಂದು ಬಿಟ್ಟ ಮರಿಗಳೇ.

ಇನ್ನು ರಾತ್ರಿಯ ವಿಷಯ. ಗಾಳ ನುಂಗಿದ ಮೀನು ಬೆಳಗಿನವರೆಗೂ ಒದ್ದಾಡುತ್ತದೆ, ಸತ್ತರೆ ಬೆಚ್ಚಗಿನ ನೀರಿನಲ್ಲಿ ಬೇಗ ಕೆಡುತ್ತದೆ, ಆಮೇಲೆ ಅದು ನಿಮಗೂ ಇಲ್ಲ, ಕೆರೆಗೂ ಇಲ್ಲ. ಅದಕ್ಕಿಂತ ನನಗೆ ಸಂಕಟ ಆಗುವುದು ಆಮೆಯ ವಿಷಯಕ್ಕೆ. ನಮ್ಮ ಕೆರೆಗಳ ಆಮೆಗೂ ಹುಳ, ಮಾಂಸ ಇಷ್ಟ. ಅದು ಉಸಿರಾಡಲು ಮೇಲೆ ಬರಲೇಬೇಕು, ಅಲ್ವಾ? ತಳದ ಗಾಳಕ್ಕೆ ಸಿಕ್ಕಿಕೊಂಡರೆ ಮುಳುಗಿಯೇ ಸಾಯುತ್ತದೆ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಅದಕ್ಕಿದೆ. ಹಗ್ಗ ಕಿತ್ತುಹೋದರಂತೂ ನೀರಿಗಿಳಿಯುವ ಎಮ್ಮೆಗೂ ಮಕ್ಕಳಿಗೂ ಅಪಾಯ.

ಹಾಕಲೇಬೇಕು ಅಂದರೆ 10 ಗಾಳ ಸಾಕು. ಹಗ್ಗದಿಂದ ಗಾಳಕ್ಕೆ ಇಳಿಯುವ ಕವಲು ದಾರ ಒಂದೂವರೆ ಅಡಿ ಇದ್ದರೆ ಎರಡು ಗಾಳದ ನಡುವೆ 4 ಅಡಿ ಬಿಡಿ, ಇಲ್ಲದಿದ್ದರೆ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಹಗ್ಗದ ಒಂದು ತುದಿಯನ್ನು ದಡದ ಗೂಟಕ್ಕೆ ಕಟ್ಟಿ, ಇನ್ನೊಂದಕ್ಕೆ ಕಲ್ಲು ಮತ್ತು ಬೆಂಡು. ಮೊನೆ ಒಳಕ್ಕೆ ಬಾಗಿದ ದುಂಡು ಗಾಳ ತೆಗೆದುಕೊಳ್ಳಿ, ಅದು ಹೊಟ್ಟೆಗೆ ಇಳಿಯುವ ಬದಲು ಹೆಚ್ಚಾಗಿ ಬಾಯಿಯ ಮೂಲೆಗೆ ಸಿಕ್ಕುತ್ತದೆ, ಬೇಡದ ಮೀನನ್ನು ಬಿಡಿಸಿ ಬಿಡಬಹುದು. ದಡದಲ್ಲೇ ಕೂತು ಗಂಟೆಗೊಮ್ಮೆ ಎತ್ತಿ ನೋಡಿ. ನಿದ್ದೆ ಬಂತಾ, ಹಗ್ಗ ಎಳೆದುಕೊಂಡೇ ಹೋಗಿ. ಎತ್ತುವಾಗ ಗಾಳ ಎಣಿಸಿ.

ಮಳೆಗಾಲದಲ್ಲಿ ಇನ್ನೊಂದು ನೋಡಬೇಕು. ಕೊರವದ ಜೋಡಿ ಮರಿಗಳನ್ನು ಕಾಯುತ್ತಿರುತ್ತವೆ. ತಾಯಿಯೋ ತಂದೆಯೋ ಗಾಳಕ್ಕೆ ಬಿದ್ದರೆ ಆ ಮರಿಗಳು ಬೇರೆ ಮೀನುಗಳ ಬಾಯಿಗೆ ಹೋಗುತ್ತವೆ. ಜೊಂಡಿನ ಪಕ್ಕ ಕೆಂಪಗೆ ಮರಿಗಳ ಗುಂಪು ಮೇಲೆ ಕೆಳಗೆ ಆಡುವುದು ಕಂಡರೆ ಆ ಕಡೆ ಹಗ್ಗ ಬಿಡಲೇಬೇಡಿ.