18 ಇಂಚಿನ ವೀಲ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಇಷ್ಟು ಓದಿ

ಗೋಣಿಕೊಪ್ಪದ ಅಣ್ಣ, ನಮ್ಮ ಗುಂಪಿನಲ್ಲಿ ನಿಮ್ಮ ಪ್ರಶ್ನೆ ನೋಡಿ ಸುಮ್ಮನಿರಲು ಆಗಲಿಲ್ಲ. ನಿಮ್ಮದು ಮಾರುತಿ ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವ ಕಾರು), ಮಾಕುಟ್ಟ ಘಾಟಿಯ ತಿರುವಿನಲ್ಲಿ ವಾಲುತ್ತದೆ, ಸ್ಟೀರಿಂಗ್ ತಿರುಗಿಸಿದ ಮೇಲೆ ಅರೆ ಕ್ಷಣ ಬಿಟ್ಟು ಮೂತಿ ತಿರುಗುತ್ತದೆ, ಮೈಸೂರಿನ ಅಂಗಡಿಯವರು 18 ಇಂಚಿನ ಅಲಾಯ್ ವೀಲ್ ಮೇಲೆ 235 ಮಿಲಿಮೀಟರ್ ಅಗಲದ ಟಯರ್ ಹಾಕಿಕೊಡುತ್ತೇವೆ ಅಂದಿದ್ದಾರೆ, ಅಡ್ವಾನ್ಸ್ ಕೊಡಲಾ ಅಂತ ಕೇಳಿದ್ದೀರಿ. ಕೊಡಬೇಡಿ. ನನ್ನದು ಟೊಯೋಟಾ ಹೈರೈಡರ್ ಹೈಬ್ರಿಡ್. ಎರಡೂ ಗಾಡಿಯ ಅಡಿ ಒಂದೇ, ಟಯರ್ ಅಳತೆಯೂ ಒಂದೇ, 215/60 ಆರ್ 17. ಅಂದರೆ ಅಗಲ 215 ಮಿಲಿಮೀಟರ್, ಗೋಡೆಯ ಎತ್ತರ ಆ ಅಗಲದ ಶೇಕಡಾ 60, ರಿಮ್ 17 ಇಂಚು. ನೀವು ಈಗ ಮಾಡಲು ಹೊರಟಿರುವುದನ್ನೇ ನಾನು ಮಾಡಿ, ಒಂದು ಮಳೆಗಾಲ ಪೂರ್ತಿ ಅನುಭವಿಸಿ, ವಾಪಸ್ ಹಳೇ ವೀಲ್‌ಗೇ ಬಂದಿದ್ದೇನೆ.

ನಾನು ಹಾಕಿಸಿದ್ದು 18 ಇಂಚು, 8 ಇಂಚು ಅಗಲದ ರಿಮ್, 225/55. ಅಂಗಡಿಯಲ್ಲಿ ನಿಂತಾಗ ಗಾಡಿ ಚೆನ್ನಾಗಿಯೇ ಕಂಡಿತು. ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಮೊದಲ ನಾಲ್ಕು ತಿರುವಿನಲ್ಲಿ ಸ್ಟೀರಿಂಗ್ ಚುರುಕಾಗಿದೆ ಅಂತ ಖುಷಿಯೂ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅದು ನುಣುಪು ಡಾಂಬರಿನ ಮೇಲೆ ಮಾತ್ರ. ತಿರುವಿನ ಮಧ್ಯೆ ರಸ್ತೆ ಸ್ವಲ್ಪ ಉಬ್ಬುತಗ್ಗು ಇದ್ದರೆ ಸಾಕು, ಗಾಡಿ ಹೊರಗಡೆಗೆ ಪುಟಿಯುತ್ತಿತ್ತು. ಮೊದಲು ಶಾಕ್ ಅಬ್ಸಾರ್ಬರ್ ಹೋಗಿದೆ ಅಂದುಕೊಂಡೆ. ಆಮೇಲೆ ಒಂದು ದಿನ ಎರಡೂ ವೀಲನ್ನು ಕಣದಲ್ಲಿ ಕಾಫಿ ಮೂಟೆ ತೂಗುವ ಯಂತ್ರದ ಮೇಲೆ ಇಟ್ಟೆ. ಕಂಪನಿ ವೀಲ್ ಟಯರ್ ಸಮೇತ ಇಪ್ಪತ್ತೂವರೆ ಕೆಜಿ. ಹೊಸದು ಇಪ್ಪತ್ತೈದು ಕೆಜಿ. ಒಂದೊಂದು ಚಕ್ರಕ್ಕೂ ನಾಲ್ಕೂವರೆ ಕೆಜಿ ಜಾಸ್ತಿ! ಈ ತೂಕ ಸ್ಪ್ರಿಂಗ್‌ನ ಕೆಳಗಡೆ ಇರುವುದು. ಚಕ್ರ ಹೊಂಡಕ್ಕೆ ಇಳಿದು ಮೇಲೆ ಬಂದಾಗ ಅದನ್ನು ಹಿಡಿದು ನಿಲ್ಲಿಸಬೇಕಾದ್ದು ಶಾಕ್. ಆ ಶಾಕನ್ನು ಕಂಪನಿಯವರು ಹಳೇ ತೂಕಕ್ಕೆ ಲೆಕ್ಕ ಹಾಕಿ ಇಟ್ಟಿರುತ್ತಾರೆ. ನಾವು ಭಾರ ಏರಿಸಿದರೆ ಟಯರ್ ನೆಲದ ಮೇಲೆ ಕೂರುವುದೇ ಇಲ್ಲ. ಟಯರ್ ನೆಲದಲ್ಲಿ ಇಲ್ಲದ ಮೇಲೆ ಅದು 235 ಆದರೇನು, 255 ಆದರೇನು?

ಹೈಬ್ರಿಡ್‌ಗೆ ಇನ್ನೂ ಒಂದು ಏಟು ಬೀಳುತ್ತದೆ. ಊರೊಳಗೆ ನಿಂತು ಹೊರಡುವಾಗೆಲ್ಲ ಮೋಟಾರ್ ಆ ಭಾರವನ್ನು ತಿರುಗಿಸಬೇಕು. ನನ್ನ ಮೈಲೇಜ್ 23ರಿಂದ 19ಕ್ಕೆ ಬಂತು. ಅದರಲ್ಲಿ ಸ್ವಲ್ಪ ಮೀಟರ್ ಲೆಕ್ಕದ್ದೂ ಇದೆ. 225/55 ಆರ್ 18 ಟಯರ್ ಹಳೆಯದಕ್ಕಿಂತ ಶೇಕಡಾ 2ರಷ್ಟು ದೊಡ್ಡದು. ಹಾಗಾಗಿ ಓಡಿದ್ದಕ್ಕಿಂತ ಕಡಿಮೆ ಕಿಲೋಮೀಟರ್ ತೋರಿಸುತ್ತದೆ, ಸ್ಪೀಡೂ ಅಷ್ಟೇ ಕಡಿಮೆ ತೋರಿಸುತ್ತದೆ. ನಿಮಗೆ ಹೇಳಿರುವುದು 235/50 ಆಗಿದ್ದರೆ ಸುತ್ತಳತೆ ಹೆಚ್ಚುಕಡಿಮೆ ಸರಿಯಾಗೇ ಬರುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ತೂಕ ಕಡಿಮೆಯಾಗುವುದಿಲ್ಲ, ಅಗಲದ ತೊಂದರೆಯೂ ಹೋಗುವುದಿಲ್ಲ. ಜುಲೈ ತಿಂಗಳಲ್ಲಿ ರಸ್ತೆ ಮೇಲೆ ಕೆಂಪು ನೀರು ಹರಿಯುವಾಗ ಅಗಲದ ಟಯರ್ ಜಾಸ್ತಿ ನೀರು ಪಕ್ಕಕ್ಕೆ ತಳ್ಳಬೇಕು. ತಳ್ಳಲು ಆಗದಿದ್ದರೆ ನೀರಿನ ಮೇಲೆ ತೇಲುತ್ತದೆ. ನಮ್ಮ ಕಡೆ ವರ್ಷದ ನಾಲ್ಕು ತಿಂಗಳು ಇದೇ ಕಥೆ ಅಲ್ವಾ?

ಕೊನೆಗೆ ನನಗೆ ಬುದ್ಧಿ ಬಂದಿದ್ದು ಬೋಯಿಕೇರಿ ಹತ್ತಿರ. ಮೈಸೂರಿನಿಂದ ಅಮ್ಮನನ್ನು ಡಾಕ್ಟರಿಗೆ ತೋರಿಸಿಕೊಂಡು ಬರುತ್ತಿದ್ದೆವು. ರಾತ್ರಿ ಒಂಬತ್ತೂವರೆ, ಜೋರು ಮಳೆ, ಎದುರಿನಿಂದ ಬಸ್ಸಿನ ಲೈಟು. ನೀರು ತುಂಬಿದ ಹೊಂಡ ಕಾಣಲೇ ಇಲ್ಲ. ಧಡ್ ಅಂತ ಒಂದೇ ಸದ್ದು. ಇಳಿದು ಮೊಬೈಲ್ ಬೆಳಕು ಹಾಕಿ ನೋಡಿದರೆ ಎಡಗಡೆ ಮುಂದಿನ ಟಯರಿನ ಗೋಡೆಯಲ್ಲಿ ನಿಂಬೆಹಣ್ಣಿನಷ್ಟು ಬುಗ್ಗೆ, ರಿಮ್ಮಿನ ಒಳ ಅಂಚು ಬಗ್ಗಿ ಗಾಳಿ ಸುಯ್ ಅಂತ ಹೋಗುತ್ತಿತ್ತು. ಹಳೇ ಟಯರಿನ ಗೋಡೆ 129 ಮಿಲಿಮೀಟರ್, ಆ ಏಟನ್ನು ಬಹುಶಃ ಅದೇ ನುಂಗುತ್ತಿತ್ತು. ಸ್ಟೆಪ್ನಿ ಹಾಕಿಕೊಂಡು ನಿಧಾನವಾಗಿ ಮನೆ ಸೇರಿದೆವು. ಅಮ್ಮ ಹಿಂದಿನ ಸೀಟಿನಲ್ಲಿ ಒಂದು ಮಾತೂ ಆಡಲಿಲ್ಲ, ಕೈಯಲ್ಲಿ ಔಷಧಿ ಚೀಲ ಹಿಡಿದುಕೊಂಡು ಕೂತಿದ್ದರು. ಆ ಅಳತೆಯ ಟಯರ್ ಮಡಿಕೇರಿಯಲ್ಲೂ ಇಲ್ಲ, ಕುಶಾಲನಗರದಲ್ಲೂ ಇಲ್ಲ. ಮೈಸೂರಿನಿಂದ ತರಿಸಲು ಎರಡು ದಿನ ಗಾಡಿ ಶೆಡ್ಡಿನಲ್ಲಿ ನಿಂತಿತ್ತು. ಊರಿನಲ್ಲಿ ಸಿಗದ ಅಳತೆಯ ಟಯರ್ ಹಾಕಿಸಬೇಡಿ. ಇದನ್ನು ಈ ಗುಂಪಿನಲ್ಲಿ ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಕಂಪನಿ ಅಲಾಯ್ ಇರಲಿ. ದುಡ್ಡನ್ನು ಟಯರಿಗೆ ಹಾಕಿ. ಹೈಬ್ರಿಡ್ ಜೊತೆ ಬರುವ ಟಯರನ್ನು ಮೈಲೇಜ್ ನೋಡಿ ಆರಿಸಿರುತ್ತಾರೆ. ಲೀಟರಿಗೆ 27.97 ಕಿಲೋಮೀಟರ್ ಅಂತ ಬರೆದುಕೊಳ್ಳಬೇಕಲ್ಲ, ಸುಲಭವಾಗಿ ಉರುಳುವ ಟಯರೇ ಬೇಕು. ನಾನು ಅದೇ 215/60 ಆರ್ 17 ಅಳತೆಯಲ್ಲಿ ಮಿಶೆಲಿನ್ ಪ್ರೈಮಸಿ 4 ಹಾಕಿಸಿದೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯುವುದರಲ್ಲಿ ನನಗೆ ಅದಕ್ಕಿಂತ ನಂಬಿಕೆಯ ಟಯರ್ ಇನ್ನೊಂದಿಲ್ಲ. ಮೈಲೇಜ್ 22ಕ್ಕೆ ನಿಂತಿದೆ. ಸ್ಟೀರಿಂಗ್ ಚುರುಕು ಇನ್ನೂ ಬೇಕು ಅಂದರೆ ಯೋಕೊಹಾಮಾ ಬ್ಲೂಅರ್ತ್ ಜಿಟಿ ನಿಮ್ಮ ಅಳತೆಯಲ್ಲಿ ಸಿಗುತ್ತದಾ ವಿಚಾರಿಸಿ, ನನ್ನ ಭಾವನ ಗಾಡಿಯಲ್ಲಿ ಓಡಿಸಿ ನೋಡಿದ್ದೇನೆ, ತಿರುವಿಗೆ ತಕ್ಷಣ ಮಾತು ಕೇಳುತ್ತದೆ. ದಿನಾ ತೋಟದ ಕಲ್ಲು ರಸ್ತೆಯಲ್ಲೇ ಓಡಾಟ ಅಂದರೆ ಎಂಆರ್‌ಎಫ್ ಗಟ್ಟಿ, ಅದರ ಬಗ್ಗೆ ವಾದ ಮಾಡುವುದಿಲ್ಲ. ನಿಮ್ಮ ಪ್ರಶ್ನೆಯ ಕೆಳಗೆ ಇನ್ನೊಬ್ಬರು ಆಲ್ ಟೆರೇನ್ (ಕಲ್ಲು ಮಣ್ಣಿನ ರಸ್ತೆಗೂ ಆಗುವ ಒರಟು ಟಯರ್) ಹಾಕಿಸಿ ಅಂದಿದ್ದಾರೆ. ದಯವಿಟ್ಟು ಬೇಡ. ತೂಕ ಜಾಸ್ತಿ, ಒದ್ದೆ ಡಾಂಬರಿನಲ್ಲಿ ಹಿಡಿತ ಕಡಿಮೆ, ಹೈಬ್ರಿಡ್ ತೆಗೆದುಕೊಂಡ ಉದ್ದೇಶವೇ ಹಾಳು.

ಟಯರ್ ಕೊಳ್ಳುವಾಗ ಗೋಡೆ ಮೇಲಿನ ನಾಲ್ಕು ಅಂಕಿ ನೋಡಿ. 2324 ಅಂದರೆ 2024ನೇ ಇಸವಿಯ 23ನೇ ವಾರ ತಯಾರಾದದ್ದು. ಆರು ತಿಂಗಳಿಗಿಂತ ಹಳೆಯದು ಕೊಟ್ಟರೆ ವಾಪಸ್ ಕೊಡಿ. ಹೊರುವ ಭಾರದ ಅಂಕಿಯನ್ನೂ ನೋಡಿ. 96 ಅಂದರೆ ಒಂದು ಟಯರ್ 710 ಕೆಜಿ ಹೊರುತ್ತದೆ. ನಿಮ್ಮ ಹಳೇ ಟಯರಿನ ಮೇಲೆ ಇರುವ ಅಂಕಿಗಿಂತ ಕೆಳಗೆ ಇಳಿಯಲೇ ಬೇಡಿ. ಹೈಬ್ರಿಡ್‌ನಲ್ಲಿ ಹಿಂದುಗಡೆ ಬ್ಯಾಟರಿ ಭಾರವೂ ಇದೆ.

ಈಗ ಮುಖ್ಯ ವಿಷಯ, ಗಾಳಿ. ನಿಮ್ಮ ಗಾಡಿ ವಾಲುತ್ತದೆ ಅನ್ನುವುದರಲ್ಲಿ ಅರ್ಧ ಇದೇ ಇರಬಹುದು. ನೀವು ಟಯರಿಗೆ ಗಾಳಿ ಹಾಕಿಸುವುದು ಎಲ್ಲಿ? ಮಂಗಳೂರಿಗೆ ಹೋದಾಗ ಪಂಪಿನಲ್ಲಿ, ಬಿಸಿ ಟಯರಿಗೆ, ಅಲ್ವಾ? ಅಲ್ಲಿ 34 ಡಿಗ್ರಿ ಸೆಖೆಯಲ್ಲಿ 33 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಹಾಕಿಸಿ ಬಂದರೆ ಮಾರನೇ ದಿನ ಬೆಳಿಗ್ಗೆ ಮಡಿಕೇರಿಯ 16 ಡಿಗ್ರಿ ಚಳಿಯಲ್ಲಿ 29ರ ಹತ್ತಿರ ಆಗಿರಬಹುದು. ಘಟ್ಟ ಹತ್ತಿದಾಗ ಹೊರಗಿನ ಗಾಳಿ ತೆಳುವಾಗುವುದರಿಂದ ಗೇಜ್ ಒಂದೂವರೆ ಎರಡು ಜಾಸ್ತಿ ತೋರಿಸಿದ ಮೇಲೂ ಇಷ್ಟು ಕಡಿಮೆ. ನೈಟ್ರೋಜನ್ ಹಾಕಿಸಿದ್ದೇನೆ ಅನ್ನಬೇಡಿ, ಮಾಮೂಲಿ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ. ಒಂದು ಡಿಜಿಟಲ್ ಗೇಜು, ಒಂದು ಸಣ್ಣ ಪಂಪು ಮನೆಯಲ್ಲಿಟ್ಟುಕೊಂಡು ಬೆಳಿಗ್ಗೆ ಗಾಡಿ ಹೊರಡುವ ಮುಂಚೆ ನೋಡಿ.

ಎಷ್ಟು ಹಾಕಬೇಕು ಅನ್ನುವುದಕ್ಕೆ ನಾನು ಸೀಮೆಸುಣ್ಣ ಬಳಸುತ್ತೇನೆ. ಶಾಲೆಯ ಬಿಳಿ ಸೀಮೆಸುಣ್ಣ ಸಾಕು. ಒಣ ದಿನ, ತಣ್ಣಗಿರುವ ಟಯರ್. ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿ ಬರೆದಷ್ಟು ಗಾಳಿ ಹಾಕಿ. ಮುಂದಿನ ಎರಡೂ ಟಯರಿನಲ್ಲಿ ಮೂರು ಮೂರು ಕಡೆ, ನೆಲಕ್ಕೆ ತಾಗುವ ಭಾಗದ ಹೊರ ಅಂಚಿನಿಂದ ಗೋಡೆಯ ಮೇಲೆ ಎರಡು ಬೆರಳು ಬರುವವರೆಗೆ ದಪ್ಪ ಗೆರೆ ಎಳೆಯಿರಿ. ನಾಲ್ಕೈದು ಕಿಲೋಮೀಟರ್ ತಿರುವಿನ ರಸ್ತೆಯಲ್ಲಿ ನೀವು ಯಾವಾಗಲೂ ಹೋಗುವ ವೇಗದಲ್ಲೇ ಹೋಗಿ ಬನ್ನಿ, ರೇಸ್ ಬೇಡ. ನಿಲ್ಲಿಸಿ ಗೆರೆ ನೋಡಿ. ಸುಣ್ಣ ಅಂಚು ದಾಟಿ ಗೋಡೆಯ ಮೇಲೂ ಅಳಿಸಿಹೋಗಿದ್ದರೆ ತಿರುವಿನಲ್ಲಿ ಟಯರ್ ಮಗ್ಗುಲಾಗಿ ಮಡಚುತ್ತಿದೆ ಅಂತ ಅರ್ಥ, ಗಾಳಿ ಸಾಲದು. ನೆಲಕ್ಕೆ ತಾಗುವ ಭಾಗದ ಹೊರ ಅಂಚಿನ ಮೇಲೇ ಸುಣ್ಣ ಉಳಿದಿದ್ದರೆ ಗಾಳಿ ಜಾಸ್ತಿ. ಸರಿಯಾಗಿ ಅಂಚಿನವರೆಗೆ ಅಳಿಸಿರಬೇಕು. ನನ್ನದು ಮೊದಲ ಸಲ ಹೆಬ್ಬೆರಳಗಲ ಗೋಡೆಗೆ ಇಳಿದಿತ್ತು. ಒಂದೊಂದೇ ಪಿಎಸ್ಐ ಏರಿಸುತ್ತಾ ಹೋದೆ. ಮುಂದೆ ಮೂರು, ಹಿಂದೆ ಎರಡು ಜಾಸ್ತಿ ಹಾಕಿದಾಗ ಗೆರೆ ಸರಿ ಹೋಯಿತು, ಸ್ಟೀರಿಂಗಿನ ಆ ಅರೆ ಕ್ಷಣದ ಸೋಮಾರಿತನವೂ ಹೋಯಿತು. ಒಂದು ರೂಪಾಯಿ ಖರ್ಚಿಲ್ಲ. ಟಯರ್ ಗೋಡೆ ಮೇಲೆ ಬರೆದ ಗರಿಷ್ಠ ಮಿತಿ ದಾಟಬೇಡಿ, ಮೂರಕ್ಕಿಂತ ಮೇಲೆ ಹೋದರೆ ಹಿಂದೆ ಕೂತ ವಯಸ್ಸಾದವರಿಗೆ ಸೊಂಟ ನೋವು ಬರುತ್ತದೆ. ಫೆಬ್ರವರಿ ಮಾರ್ಚ್‌ನಲ್ಲಿ ಮಾಡಿದರೆ ಒಳ್ಳೆಯದು, ಮಳೆ ಹಿಡಿದ ಮೇಲೆ ಸೀಮೆಸುಣ್ಣ ಕೆಲಸ ಮಾಡುವುದಿಲ್ಲ.

ಇದಾದ ಮೇಲೆ ಅಲೈನ್‌ಮೆಂಟ್. ನಮ್ಮ ಗಾಡಿಯಲ್ಲಿ ಹಿಂದೆ ಟಾರ್ಷನ್ ಬೀಮ್ (ಹಿಂದಿನ ಎರಡೂ ಚಕ್ರ ಸೇರಿಸುವ ಉಕ್ಕಿನ ತೊಲೆ), ಅಲ್ಲಿ ತಿರುಗಿಸಲು ಏನೂ ಇಲ್ಲ. ನಾಲ್ಕೂ ಚಕ್ರ ಸೆಟ್ ಮಾಡಿದೆ ಅಂತ ದುಡ್ಡು ಕೇಳಿದರೆ ಏನು ಸೆಟ್ ಮಾಡಿದ್ದು ಅಂತ ಪ್ರಿಂಟ್ ಕೇಳಿ.

ಇಷ್ಟೆಲ್ಲ ಹೇಳಿದ ಮೇಲೂ ಹೊಸ ವೀಲ್ ಬೇಕೇ ಬೇಕು ಅಂದರೆ 17 ಇಂಚಿನಲ್ಲೇ, ಫ್ಲೋ ಫಾರ್ಮ್ಡ್ (ಬಿಸಿ ಮಾಡಿ ಒತ್ತಿ ಹಗುರ ಮಾಡಿದ ಅಲಾಯ್), 7 ಇಂಚು ಅಗಲದ್ದು ತೆಗೆದುಕೊಳ್ಳಿ. ಕಂಪನಿಯದಕ್ಕಿಂತ ಹಗುರವಾಗಿದ್ದರೆ ಮಾತ್ರ. ಟಯರ್ 225/55 ಆರ್ 17 ಹಾಕಬಹುದು, ಗಾಡಿ ಐದು ಮಿಲಿಮೀಟರ್ ಕೆಳಗೆ ಬರುತ್ತದೆ, ಗೋಡೆ ಸ್ವಲ್ಪ ಗಿಡ್ಡ. ಪಿಸಿಡಿ (ನಟ್ಟುಗಳ ಸಂಖ್ಯೆ, ಅವು ಕೂರುವ ವೃತ್ತದ ಅಳತೆ) 5x114.3, ಮಧ್ಯದ ತೂತು 60.1 ಮಿಲಿಮೀಟರ್. ತೂತು ದೊಡ್ಡದಿದ್ದರೆ ಸಂದು ತುಂಬುವ ಹಬ್ ರಿಂಗ್ ಹಾಕಿಸಲೇಬೇಕು, ಇಲ್ಲದಿದ್ದರೆ 80ರ ಮೇಲೆ ಸ್ಟೀರಿಂಗ್ ನಡುಗುತ್ತದೆ, ಎಷ್ಟು ಸಲ ಬ್ಯಾಲೆನ್ಸ್ ಮಾಡಿಸಿದರೂ ಹೋಗುವುದಿಲ್ಲ. ಇಟಿ ಅಂಕಿ (ವೀಲ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವ ಅಳತೆ) ಹಳೇ ವೀಲಿನ ಒಳಗಡೆ ಅಚ್ಚಾಗಿರುತ್ತದೆ, ಅದಕ್ಕಿಂತ ಐದು ಮಿಲಿಮೀಟರ್ ಆಚೀಚೆ ದಾಟಬೇಡಿ. ನಟ್ಟಿನ ಮೂತಿ ವೀಲಿನ ತೂತಿಗೆ ಹೊಂದಬೇಕು, ನೂರು ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ರೆಂಚ್‌ನಲ್ಲಿ ಇನ್ನೊಮ್ಮೆ ಬಿಗಿ ನೋಡಿ. ಟಯರ್ ಅಂಗಡಿಯಲ್ಲಿ ಗಾಡಿಯನ್ನು ಪೂರ್ತಿ ಆಫ್ ಮಾಡಿ ಕೀ ಜೇಬಿಗೆ ಹಾಕಿಕೊಳ್ಳಿ. ಹೈಬ್ರಿಡ್ ಸದ್ದಿಲ್ಲದೆ ನಿಂತಿದ್ದರೂ ರೆಡಿಯಲ್ಲಿ ಇದ್ದರೆ ಎಂಜಿನ್ ತಾನಾಗಿ ಶುರುವಾಗಬಹುದು. ಕೆಳಗೆ ಹುಡುಗರು ಕೈ ಹಾಕಿರುತ್ತಾರೆ.

ಮುಂದಿನ ಟಯರ್ ಬೇಗ ಸವೆಯುತ್ತದೆ ಅಂತಲೂ ಬರೆದಿದ್ದೀರಿ. ಎಳೆಯುವುದೂ ಮುಂದಿನ ಚಕ್ರ, ಬ್ರೇಕ್ ಒತ್ತಿದಾಗ ಕರೆಂಟ್ ಮಾಡುವುದೂ ಅದೇ ಚಕ್ರ, ಸವೆಯದೆ ಇನ್ನೇನು. ಎಂಟು ಸಾವಿರಕ್ಕೊಮ್ಮೆ ಹಿಂದೆ ಮುಂದೆ ಬದಲಿಸಿ. ಟಯರಿನ ಗೀರುಗಳ ಆಳ ಮೂರು ಮಿಲಿಮೀಟರ್‌ಗೆ ಬಂದರೆ ಮಳೆಗಾಲಕ್ಕೆ ಮುಂಚೆ ಬದಲಾಯಿಸಿಬಿಡಿ, ಕಾನೂನು 1.6 ಅಂದರೂ ಕಾಯಬೇಡಿ. ಸಿಲ್ವರ್ ಓಕ್ ಎಲೆ ಬಿದ್ದು ಕೊಳೆತ ತಿರುವಿನಲ್ಲಿ ಎಂಥಾ ಟಯರ್ ಆದರೂ ಜಾರುತ್ತದೆ.

ಘಾಟಿ ಇಳಿಯುವಾಗ ಗೇರ್ ಲಿವರನ್ನು ‘ಬಿ’ಗೆ ಹಾಕಿ, ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದಿಡುವುದು ಅದು. ನಮ್ಮ ಬ್ಯಾಟರಿ 0.76 ಯೂನಿಟ್ ಅಷ್ಟೇ, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಷ್ಟರಲ್ಲಿ ಅರ್ಧ ದಾರಿಗೂ ಮುಂಚೆ ತುಂಬಿರುತ್ತದೆ. ಆಮೇಲೆ ಎಂಜಿನ್ ಜೋರಾಗಿ ಕೂಗುತ್ತದೆ, ಹೆದರಬೇಡಿ, ಅದು ಗಾಡಿಯನ್ನು ಹಿಡಿದಿಡುತ್ತಿದೆ. ಹಂಪ್ ಮೇಲೆ ಬ್ರೇಕ್ ಒತ್ತಿದಾಗ ಒಂದು ಕ್ಷಣ ಬಿಟ್ಟ ಹಾಗೆ ಆಗುವುದು ಮೋಟಾರ್ ಬ್ರೇಕಿನಿಂದ ಮಾಮೂಲಿ ಬ್ರೇಕಿಗೆ ಬದಲಾಗುವುದು. ಭಾರದ ಚಕ್ರ ಪುಟಿಯುತ್ತಿದ್ದರೆ ಇದು ಇನ್ನೂ ಜಾಸ್ತಿ, 18 ಇಂಚು ಹಾಕಿದ್ದಾಗ ನನಗೆ ಪ್ರತಿ ಹಂಪಿನಲ್ಲೂ ಆಗುತ್ತಿತ್ತು.

ಇನ್ನೊಂದು, ತೋಟಕ್ಕೆ ಹೋಗಿ ಬಂದ ಮಾರನೇ ದಿನ ಸ್ಟೀರಿಂಗ್ ನಡುಗಿದರೆ ಅಂಗಡಿಗೆ ಓಡಬೇಡಿ. ರಿಮ್ಮಿನ ಒಳಗೆ ಕೆಸರು ಒಣಗಿ ಗಟ್ಟಿಯಾಗಿರುತ್ತದೆ. ಕೈ ಹಾಕಿ ಕೆರೆದು, ನೀರು ಹೊಡೆದು ಆಮೇಲೆ ನೋಡಿ.

ಮುಂದಿನ ವಾರ ಗೋಣಿಕೊಪ್ಪಕ್ಕೆ ಬರುವವನಿದ್ದೇನೆ. ಗೇಜು, ಸೀಮೆಸುಣ್ಣ ಎರಡೂ ತರುತ್ತೇನೆ. ತಿತಿಮತಿ ಕಡೆ ಒಂದು ಸುತ್ತು ಹೋಗಿ ನಿಮ್ಮ ಟಯರಿನಲ್ಲಿ ಗೆರೆ ಎಲ್ಲಿಯವರೆಗೆ ಅಳಿಸುತ್ತದೆ ನೋಡೋಣ. ಅಲ್ಲಿಯವರೆಗೆ ಮೈಸೂರಿನವರಿಗೆ ಫೋನ್ ಮಾಡಿ ಆ 18 ಇಂಚಿನ ವೀಲ್ ಬರೀ ರಿಮ್ ಎಷ್ಟು ಕೆಜಿ ಅಂತ ಕೇಳಿಡಿ.