ಮಲೆನಾಡಿನಲ್ಲಿ ಸಾಲ ‘ಚುಕ್ತಾ’ ಆಗುವುದು ಯಾವಾಗ?

ಮಾವನವರ ಅಡಿಕೆ ತೋಟ ನೋಡಿಕೊಳ್ಳಲು ಬೆಂಗಳೂರಿನಿಂದ ತೀರ್ಥಹಳ್ಳಿ ಕಡೆ ಬಂದಿದ್ದೀರಿ. ಅವರ ಹಳೆ ಸಾಲಗಳನ್ನೆಲ್ಲ ಕಟ್ಟಿ ಮುಗಿಸುತ್ತೇನೆ, ಇನ್ನೇನು ಮಾಡಬೇಕು ಎಂದು ಕೇಳಿದ್ದೀರಿ. ಹಣ ಕೊಟ್ಟ ಮಾತ್ರಕ್ಕೆ ಇಲ್ಲಿ ಸಾಲ ಮುಗಿಯುವುದಿಲ್ಲ. ಕಾಗದವನ್ನೂ ಮುಗಿಸಬೇಕು.

ಮೊದಲು ಮಂಡಿ ಸಾಲ. ಮಂಡಿ ಅಂದರೆ ಬೆಳೆಗಾರರ ಅಡಿಕೆ ಮಾರಿಕೊಡುವ ಅಂಗಡಿ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಸಲು, ಆಮೇಲೆ ಅಡಿಕೆ ಗೊನೆ ತೆಗೆಸಲು ಶಿವಮೊಗ್ಗದ ಮಂಡಿಯಿಂದಲೋ 1939ರಲ್ಲಿ ಶುರುವಾದ ಮ್ಯಾಮ್‌ಕೋಸ್‌ನಂಥ ಸಹಕಾರ ಸಂಘದಿಂದಲೋ ಬೆಳೆಗಾರರು ಹಣ ತರುತ್ತಾರೆ. ಅದನ್ನು ನೋಟು ಎಣಿಸಿ ತೀರಿಸುವವರು ಕಡಿಮೆ. ಅಡಿಕೆ ಚೀಲ ಕಳಿಸಿ, ವ್ಯಾಪಾರ ಆದ ಮೇಲೆ ‘ಪಟ್ಟಿ’ ಕೈಗೆ ಬರುತ್ತದೆ. ಅಡಿಕೆಯ ಬಗೆಗಳಾದ ರಾಶಿ ಎಷ್ಟು, ಗೊರಬಲು ಎಷ್ಟು, ಯಾವ ದರ, ಹಮಾಲಿ ಎಷ್ಟು ಎಲ್ಲ ಅದರಲ್ಲಿರುತ್ತದೆ. ಸಾಲದ ಬಾಬ್ತು ಕಳೆದದ್ದೂ ಇರುತ್ತದೆ. ‘ಸಾಲಕ್ಕೆ ಮುರಿದುಕೊಂಡರು’ ಅನ್ನುವುದು ಇದಕ್ಕೇ. ಮುರಿದುಕೊಂಡ ಹಣ ಅಸಲಿಗೆ ಜಮೆ ಆಯಿತೋ ಬಡ್ಡಿಗೋ, ಅಲ್ಲೇ ಕೇಳಿ. ಪೂರಾ ಬಡ್ಡಿಗೇ ಹೋಗಿದ್ದರೆ ಅಸಲು ಹಾಗೇ ಕೂತಿರುತ್ತದೆ. ಹಳೆ ಪಟ್ಟಿಗಳು ಮನೆಯಲ್ಲಿ ಕೊಕ್ಕೆ ತಂತಿಗೆ ಚುಚ್ಚಿ ನೇತು ಹಾಕಿರಬಹುದು. ಕಸ ಅಂತ ಎಸೆಯಬೇಡಿ. ಲೆಕ್ಕ ಹೊಂದದೆ ಹೋದರೆ ಅವೇ ನಿಮಗೆ ಆಧಾರ.

ಕೈಸಾಲದಲ್ಲಿ ಇನ್ನೂ ಜಾಗ್ರತೆ ಬೇಕು. ಪ್ರೊನೋಟು, ಅಂದರೆ ಹಣ ವಾಪಸ್ ಕೊಡುತ್ತೇನೆಂಬ ಸಾಲಪತ್ರ ಬರೆದುಕೊಟ್ಟಿದ್ದರೆ, ಕಂತು ಕೊಟ್ಟಾಗಲೆಲ್ಲ ಪತ್ರದ ಬೆನ್ನಿಗೆ ತಾರೀಕು ಹಾಕಿ ಎಷ್ಟು ಸಂದಿದೆ ಅಂತ ಬರೆಯುವುದುಂಟು. ಅದನ್ನು ಷರಾ ಅನ್ನುತ್ತಾರೆ. ಕಟ್ಟಿದವರು ಸಹಿ ಮಾಡುತ್ತಾರೆ. ಇದು ಸಾಲ ಕೊಟ್ಟವರಿಗೂ ಬೇಕು. ಕೋರ್ಟಿಗೆ ಹೋಗುವ ವಾಯಿದೆ ಮುಗಿಯುವ ಮೊದಲೇ ಷರಾ ಬಿದ್ದರೆ, ಆ ದಿನದಿಂದ ಅವರಿಗೆ ಮತ್ತೆ 3 ವರ್ಷ ಸಿಗುತ್ತದೆ.

ಪೂರ್ತಿ ಕೊಟ್ಟ ದಿನ ಪತ್ರ ವಾಪಸ್ ಇಸ್ಕೊಳ್ಳಲೇಬೇಕು. ‘ಎಲ್ಲೋ ಇಟ್ಟಿದೀನಿ ಮಾರಾಯ್ರೇ, ಹುಡುಕಿ ಕೊಡ್ತೀನಿ’ ಅಂದರೆ ಸುಮ್ನೆ ಎದ್ದು ಬರಬೇಡಿ. ಅಸಲು ಬಡ್ಡಿ ಸಮೇತ ಪೂರಾ ಸಂದಿದೆ, ಇಂಥ ತಾರೀಕಿನ ಪತ್ರ ಇನ್ನು ರದ್ದು ಎಂದು ಅಲ್ಲೇ ರಶೀದಿ ಬರೆಸಿ. ಮೊತ್ತ 5,000 ದಾಟಿದರೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಮೇಲೆ ಸಹಿ ಹಾಕಿಸಿ. ನೆಂಟರಾದರೂ ದಾಕ್ಷಿಣ್ಯ ಬೇಡ. ನಮ್ಮ ಕಡೆ ನೆಂಟರ ನಡುವೆಯೇ ಬಾಯಿಮಾತು ಜಾಸ್ತಿ, ಆಮೇಲೆ ಮನಸ್ತಾಪವೂ ಜಾಸ್ತಿ.

ಸೊಸೈಟಿ ಅಥವಾ ಬ್ಯಾಂಕಿನ ಸಾಲವಾದರೆ ಕೊನೆಗೆ ಬೇಬಾಕಿ ಪತ್ರ ಕೇಳಿ, ಅಂದರೆ ಇನ್ನು ಬಾಕಿ ಇಲ್ಲ ಎಂಬ ಕಾಗದ. ಅಷ್ಟಕ್ಕೇ ನಿಲ್ಲಿಸಬೇಡಿ. ಜಮೀನಿನ ಸರ್ಕಾರಿ ದಾಖಲೆಯಾದ ಪಹಣಿಯ 11ನೇ ಕಲಂನಲ್ಲಿ ಜಮೀನಿನ ಮೇಲಿನ ಋಣ ದಾಖಲಾಗಿರುತ್ತದೆ. ಸಾಲ ಕಟ್ಟಿದ ಮೇಲೂ ಅದು ವರ್ಷಗಟ್ಟಲೆ ಉಳಿದುಬಿಡಬಹುದು. ತೋಟ ಪಾಲಾಗುವಾಗಲೋ ಹೊಸ ಸಾಲಕ್ಕೆ ಹೋದಾಗಲೋ ಆಗ ಪೇಚಾಟ. ಆ ಋಣವನ್ನು ಖುಲಾಸೆ ಮಾಡಿಸಿ, ಅಂದರೆ ದಾಖಲೆಯಿಂದ ತೆಗೆಸಿ, ಹೊಸ ಪಹಣಿ ಪಡೆದು, ಕಲಂ ಖಾಲಿ ಇದೆಯಾ ಕಣ್ಣಾರೆ ನೋಡಿ. ಜೊತೆಗೆ ಇಸಿಯನ್ನೂ, ಅಂದರೆ ಋಣಭಾರ ಪತ್ರವನ್ನೂ ತೆಗೆಸಿಬಿಡಿ.