ಶತ್ರು ಯಾರೆಂದು ತೀರ್ಮಾನಿಸುವವರು ಯಾರು?

ಹಾಸನದ ಓದುಗರೊಬ್ಬರ ಪತ್ರದ ಸಾರ: ಕ್ಯೂಬಾದಲ್ಲಿರುವ ಅಮೆರಿಕದ ಸೇನಾ ಬಂಧನಕೇಂದ್ರ ಗ್ವಾಂಟನಾಮೊ ಕುರಿತ ನಿಮ್ಮ ಕಳೆದ ಸಂಚಿಕೆಯ ಲೇಖನ ಏಕಪಕ್ಷೀಯವಾಗಿದೆ. ಅಮೆರಿಕದ ಅಧ್ಯಕ್ಷರು ಸೇನೆಯ ಮಹಾದಂಡನಾಯಕರೂ ಹೌದು. ಯುದ್ಧದಲ್ಲಿ ಸಿಕ್ಕಿಬಿದ್ದ ವೈರಿಗೆ ವಕೀಲರೇಕೆ, ವಾಯಿದೆಯೇಕೆ? 1942ರಲ್ಲಿ ರೂಸ್‌ವೆಲ್ಟ್ ಜರ್ಮನ್ ವಿಧ್ವಂಸಕರಿಗೆ ಎರಡು ತಿಂಗಳೊಳಗೆ ಮರಣದಂಡನೆ ಕೊಡಿಸಿದಾಗ ಸುಪ್ರೀಂ ಕೋರ್ಟೇ ಒಪ್ಪಿತ್ತಲ್ಲವೇ? ರಣರಂಗದ ಸೈನಿಕ ಸಾಕ್ಷ್ಯ ಕಲೆಹಾಕುತ್ತ ಕೂರಬೇಕೇ?

ಸಂಪಾದಕರ ಉತ್ತರ:

ಮಾನ್ಯರೇ,

ವೈರಿ ಸೈನಿಕನನ್ನು ಯುದ್ಧ ಮುಗಿಯುವವರೆಗೆ ಬಂಧನದಲ್ಲಿಡುವ ಅಧಿಕಾರವನ್ನು ಅಮೆರಿಕದ ನ್ಯಾಯಾಲಯಗಳು ಅಧ್ಯಕ್ಷರಿಂದ ಕಿತ್ತುಕೊಂಡಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ಬೆನ್ನಿಗೇ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಅಂಗೀಕರಿಸಿದ, ಸೇನಾಬಲ ಬಳಸಲು ಅನುಮತಿ ಕೊಟ್ಟ ನಿರ್ಣಯದಲ್ಲೇ ಆ ಅಧಿಕಾರ ಅಡಗಿದೆಯೆಂದು 2004ರ ಹಮ್ದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಪ್ಪಿದ್ದಾರೆ. ತಕರಾರು ಇದ್ದದ್ದು ಅದಕ್ಕೂ ಮೊದಲಿನ ಪ್ರಶ್ನೆಯಲ್ಲಿ: ಹಿಡಿದ ಮನುಷ್ಯ ವೈರಿ ಹೌದೋ ಅಲ್ಲವೋ ಎಂಬುದನ್ನು ಹಿಡಿದವರೇ ಹೇಳಿದರೆ ಸಾಕೇ?

ಯಾಸಿರ್ ಹಮ್ದಿ ಲೂಯಿಸಿಯಾನಾದಲ್ಲಿ ಹುಟ್ಟಿ ಸೌದಿ ಅರೇಬಿಯಾದಲ್ಲಿ ಬೆಳೆದ ತರುಣ; ಹುಟ್ಟಿನಿಂದಲೇ ಅಮೆರಿಕದ ಪ್ರಜೆ. 2001ರಲ್ಲಿ ಅಫ್ಘಾನಿಸ್ತಾನದಲ್ಲಿ ತಾಲಿಬಾನ್ ವಿರೋಧಿ ಉತ್ತರ ಮೈತ್ರಿಕೂಟದವರು ಅವನನ್ನು ಹಿಡಿದು ಅಮೆರಿಕದ ಸೇನೆಗೆ ಒಪ್ಪಿಸಿದರು. ಅವನು ತಾಲಿಬಾನ್ ಪರ ಬಂದೂಕು ಹಿಡಿದಿದ್ದನೆಂದು ಸರ್ಕಾರ ಹೇಳಿದರೆ, ಮಗ ಹೋದದ್ದು ಪರಿಹಾರ ಕಾರ್ಯಕ್ಕೆಂದು ತಂದೆ ವಾದಿಸಿದರು. ಆರೋಪಪಟ್ಟಿ ಇರಲಿಲ್ಲ, ಎರಡು ವರ್ಷ ವಕೀಲರ ಭೇಟಿಯೂ ಇರಲಿಲ್ಲ. ಸರ್ಕಾರ ನ್ಯಾಯಾಲಯದ ಮುಂದಿಟ್ಟದ್ದು ರಕ್ಷಣಾ ಇಲಾಖೆಯ ಅಧಿಕಾರಿ ಮೈಕೆಲ್ ಮಾಬ್ಸ್ ಸಹಿ ಮಾಡಿದ ಎರಡು ಪುಟಗಳ ಹೇಳಿಕೆಯೊಂದನ್ನೇ. ಮಾಬ್ಸ್ ಏನನ್ನೂ ಕಣ್ಣಾರೆ ಕಂಡವರಲ್ಲ. ಕಡತ ಓದಿ ಬರೆದವರು. ಮೂಲ ದಾಖಲೆಗಳನ್ನು ತೋರಿಸಿ ಎಂದು ನಾರ್ಫೋಕ್‌ನ ಜಿಲ್ಲಾ ನ್ಯಾಯಾಧೀಶ ಡೌಮರ್ ಕೇಳಿದ್ದನ್ನು ಮೇಲ್ಮನವಿ ನ್ಯಾಯಾಲಯ ತಳ್ಳಿಹಾಕಿತು. ಆ ಎರಡು ಪುಟಗಳ ಬಲದ ಮೇಲೆ ಒಬ್ಬ ಪ್ರಜೆಯನ್ನು ಅನಿರ್ದಿಷ್ಟ ಕಾಲ ಕೂಡಿಹಾಕಬಹುದೇ ಎಂಬುದಷ್ಟೇ ಸುಪ್ರೀಂ ಕೋರ್ಟಿನ ಮುಂದಿದ್ದ ವಿಷಯ.

ಯುದ್ಧಸ್ಥಿತಿಯೆಂಬುದು ಪ್ರಜೆಗಳ ಹಕ್ಕಿನ ವಿಷಯದಲ್ಲಿ ಅಧ್ಯಕ್ಷರ ಕೈಗಿತ್ತ ಖಾಲಿ ಚೆಕ್ಕಲ್ಲ ಎಂದು ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಬರೆದ ಸಾಲನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ನಿಮ್ಮ ಸೈನಿಕನ ಪ್ರಶ್ನೆಗೆ ಅದೇ ತೀರ್ಪಿನಲ್ಲಿ ಇರುವ ಉತ್ತರವನ್ನು ಉಲ್ಲೇಖಿಸುವವರು ಕಡಿಮೆ. ರಣರಂಗದಲ್ಲಿ ಸೆರೆಹಿಡಿಯುವ ಗಳಿಗೆಯಲ್ಲಿ ಯಾವ ವಿಚಾರಣೆಯೂ ಬೇಕಿಲ್ಲ. ಬಂಧನ ಮುಂದುವರಿಸುವಾಗ ಮಾತ್ರ ಬಂಧಿಗೆ ಕಾರಣ ತಿಳಿಸಿ, ತಟಸ್ಥರೊಬ್ಬರ ಮುಂದೆ ಅಲ್ಲಗಳೆಯುವ ಅವಕಾಶ ಕೊಡಬೇಕು. ಇನ್ನೊಬ್ಬರಿಂದ ಕೇಳಿದ ಮಾತನ್ನೂ ಸಾಕ್ಷ್ಯವಾಗಿ ಪರಿಗಣಿಸಬಹುದು; ಸೇನಾ ನ್ಯಾಯಮಂಡಳಿಯೂ ಈ ಕೆಲಸ ಮಾಡಬಹುದು. ಇಷ್ಟು ಸಡಿಲ ಏರ್ಪಾಡನ್ನು ಸೈನ್ಯದ ಕೈಕಟ್ಟಿದ್ದೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಸಂಪ್ರದಾಯವಾದಿ ಎಂದೇ ಹೆಸರಾದ ನ್ಯಾಯಮೂರ್ತಿ ಸ್ಕಾಲಿಯಾ ಅವರಿಗಂತೂ ಇದು ಸಾಲಲಿಲ್ಲ: ಪ್ರಜೆಯಾದರೆ ರಾಜದ್ರೋಹದಂಥ ಅಪರಾಧಕ್ಕೆ ಮೊಕದ್ದಮೆ ಹೂಡಿ, ಇಲ್ಲವೇ ಕಾಂಗ್ರೆಸ್, ಬಂಧನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಹಕ್ಕಾದ ಹೇಬಿಯಸ್ ಕಾರ್ಪಸ್ ಅನ್ನೇ ಅಮಾನತಿನಲ್ಲಿಡಲಿ ಎಂದು ಅವರು ಭಿನ್ನಮತ ಬರೆದರು. ತೀರ್ಪು ಬಂದ ಕೆಲವೇ ತಿಂಗಳಲ್ಲಿ, ಅಷ್ಟು ಅಪಾಯಕಾರಿಯೆಂದು ಹೇಳಿದ್ದ ಹಮ್ದಿಯನ್ನು ಸರ್ಕಾರ ಒಂದೂ ಆರೋಪ ಹೊರಿಸದೆ, ಪೌರತ್ವ ತೊರೆಯುವ ಷರತ್ತಿನ ಮೇಲೆ ಸೌದಿ ಅರೇಬಿಯಾಕ್ಕೆ ಕಳಿಸಿಬಿಟ್ಟಿತು.

ಇನ್ನು 1942. ಆ ಎಂಟು ಮಂದಿ ಜಲಾಂತರ್ಗಾಮಿಯಲ್ಲಿ ಬಂದು ಲಾಂಗ್ ಐಲೆಂಡ್ ಮತ್ತು ಫ್ಲಾರಿಡಾದ ಕಡಲತೀರಗಳಲ್ಲಿ ಸ್ಫೋಟಕಗಳ ಸಮೇತ ಇಳಿದದ್ದರ ಬಗ್ಗೆ ವಿವಾದವೇ ಇರಲಿಲ್ಲ. ಅವರಿಗೆ ಆರೋಪ ಓದಿ ಹೇಳಲಾಗಿತ್ತು, ವಿಚಾರಣೆ ನಡೆಸಿದ ಸೇನಾ ಆಯೋಗದ ಮುಂದೆ ವಕೀಲರಿದ್ದರು. ಸಿವಿಲ್ ನ್ಯಾಯಾಲಯದ ಬಾಗಿಲು ಇವರಿಗೆ ಮುಚ್ಚಿದೆಯೆಂದು ರೂಸ್‌ವೆಲ್ಟ್ ಘೋಷಿಸಿದ್ದರೂ ಸುಪ್ರೀಂ ಕೋರ್ಟ್ ಬೇಸಿಗೆ ರಜೆಯಲ್ಲಿ ವಿಶೇಷವಾಗಿ ಸೇರಿ ಅವರ ಅರ್ಜಿ ಆಲಿಸಿತು. ಆದರೆ ಜುಲೈ 31ರಂದು ತೀರ್ಮಾನ ಹೇಳಿದ ನ್ಯಾಯಾಲಯ ಅದರ ಕಾರಣಗಳನ್ನು ಪ್ರಕಟಿಸಿದ್ದು ಅಕ್ಟೋಬರ್ 29ರಂದು. ಆರು ಮಂದಿಯನ್ನು ವಿದ್ಯುತ್ ಕುರ್ಚಿಗೆ ಏರಿಸಿದ್ದು ಆಗಸ್ಟ್ 8ರಂದು. ಜೀವ ತೆಗೆದ ಮೇಲೆ ಕಾರಣ ಬರೆದ ತೀರ್ಪನ್ನು ಮೇಲ್ಪಂಕ್ತಿಯಾಗಿ ತೋರಿಸುವ ಮುನ್ನ ಯಾರೇ ಆದರೂ ಎರಡು ಸಲ ಯೋಚಿಸಬೇಕು.

ನಮ್ಮ ಸಂವಿಧಾನದ 22ನೇ ವಿಧಿಯೂ, ಬಂಧಿತರಿಗೆ ಕೊಡುವ ಕೆಲವು ರಕ್ಷಣೆಗಳಿಂದ ಶತ್ರುದೇಶದ ಪ್ರಜೆಯನ್ನು ಹೊರಗಿಟ್ಟಿದೆ ಎಂದು ನೀವು ಕೇಳಬಹುದು. ನಿಜ. ಆದರೆ ಶತ್ರುದೇಶದ ಪ್ರಜೆ ಯಾರೆಂಬುದು ಸಾಮಾನ್ಯವಾಗಿ ಪಾಸ್‌ಪೋರ್ಟಿನಿಂದ ತಿಳಿಯುತ್ತದೆ; ಸಮವಸ್ತ್ರವೂ ದೇಶವೂ ಇಲ್ಲದ ಸಂಘಟನೆಯೊಂದರ ಸದಸ್ಯ ಯಾರೆಂಬುದು ಹಾಗೆ ತಿಳಿಯುವುದಿಲ್ಲ.

ಲಖ್ದರ್ ಬೂಮೆದಿಯೆನ್ ಮತ್ತು ಇತರ ಐವರು ಅಲ್ಜೀರಿಯಾ ಮೂಲದವರ ಕಥೆ ಇದಕ್ಕೆ ನಿದರ್ಶನ. ಅವರನ್ನು ಹಿಡಿದದ್ದು ಬೋಸ್ನಿಯಾದಲ್ಲಿ, ರಣರಂಗದಲ್ಲಲ್ಲ. ಸರಾಯೆವೊದ ಅಮೆರಿಕನ್ ರಾಯಭಾರ ಕಚೇರಿಯನ್ನು ಸ್ಫೋಟಿಸಲು ಸಂಚು ಹೂಡಿದ್ದರೆಂಬುದು ಮೊದಲ ಆರೋಪ. ಅಲ್ಲಿನ ನ್ಯಾಯಾಲಯ ಬಿಡುಗಡೆಗೆ ಆದೇಶಿಸಿದರೂ 2002ರ ಜನವರಿಯಲ್ಲಿ ಅವರನ್ನು ಗ್ವಾಂಟನಾಮೊಗೆ ಸಾಗಿಸಲಾಯಿತು. ಅಲ್ಲಿರುವವರಿಗೂ ಹೇಬಿಯಸ್ ಕಾರ್ಪಸ್ ಹಕ್ಕಿದೆಯೆಂದು 2008ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಹೇಳಿದ ಬಳಿಕ, ಸರ್ಕಾರ ಸ್ಫೋಟದ ಆರೋಪವನ್ನೇ ಕೈಬಿಟ್ಟು, ಇವರು ಅಫ್ಘಾನಿಸ್ತಾನಕ್ಕೆ ಹೋಗಿ ಹೋರಾಡಲು ಯೋಜಿಸಿದ್ದರು ಎಂದಿತು. ಅಧ್ಯಕ್ಷ ಬುಷ್ ಅವರೇ ನೇಮಿಸಿದ್ದ ನ್ಯಾಯಾಧೀಶ ರಿಚರ್ಡ್ ಲಿಯೋನ್, ಹೆಸರಿಲ್ಲದ ಒಬ್ಬನೇ ಮಾಹಿತಿದಾರನ ಮಾತನ್ನು ಆಧಾರವೆಂದು ಒಪ್ಪಲಾಗದೆಂದು ನವೆಂಬರ್‌ನಲ್ಲಿ ಐವರ ಬಿಡುಗಡೆಗೆ ಆದೇಶಿಸಿದರು. ಆರನೆಯವನ ವಿರುದ್ಧ ಬೇರೆ ಸಾಕ್ಷ್ಯವೂ ಇದೆಯೆಂದು ಅದೇ ದಿನ ಅವನ ಬಂಧನವನ್ನು ಅವರೇ ಎತ್ತಿಹಿಡಿದರು. ಮೇಲಿನ ನ್ಯಾಯಾಲಯ ಅದನ್ನು ಮರುಪರಿಶೀಲನೆಗೆ ಕಳಿಸಿದ್ದು ಆಮೇಲಿನ ಮಾತು. ಕಳೆದ ಸಂಚಿಕೆಯ ಲೇಖನ ಕೇಳಿದ್ದು ಇಂಥ ವಿಚಾರಣೆ ಏಳು ವರ್ಷ ಮೊದಲೇ ಏಕೆ ನಡೆಯಲಿಲ್ಲ ಎಂದು.